ಜಪ್ತಿಯಾದ ನಾನೂರ ಹನ್ನೆರಡು ಹಪ್ಪಳ

ಹೊಸನಗರದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಒಂದು ಸರ್ಕಾರಿ ಕಚೇರಿ ಇದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಅವರಿಗೆ ಕಾಗದ, ಪೆನ್ನು, ಫೈಲು ಕೊಡುವವನು ನಾನೇ, ಮುಂದೆಯೂ ಕೊಡಬೇಕೆಂಬ ಆಸೆ ಇದೆ.

ಆ ಕಚೇರಿಯ ಬಾಗಿಲು ತೆಗೆಯುವವರು ಮೂಕಮ್ಮ. ಮುಚ್ಚುವವರೂ ಅವರೇ. ನಡುವಿನ ಹೊತ್ತಿನಲ್ಲಿ ಚಹಾ ತರುವುದು, ಫೈಲು ಹೊರುವುದು, ಕರೆಗಂಟೆ ಒತ್ತಿದಾಗ ಒಳಗೆ ಓಡುವುದು ಎಲ್ಲ ಅವರದೇ. ಇಪ್ಪತ್ತಾರು ವರ್ಷದಿಂದ ಗ್ರೂಪ್ ಡಿ ನೌಕರಿ. ಕಚೇರಿಯಲ್ಲಿ ಹದಿನಾಲ್ಕು ಕುರ್ಚಿಗಳಿವೆ. ಅವನ್ನು ಒರೆಸುವುದು ಮೂಕಮ್ಮನವರ ಕೆಲಸ, ಕೂರುವುದು ಉಳಿದವರ ಕೆಲಸ.

ನಲವತ್ತು ದಾಟಿದ ಮೇಲೆ ಅವರು ಎಸ್ಸೆಸ್ಸೆಲ್ಸಿ ಕಟ್ಟಿದರು. ಗಣಿತ ಮೂರು ಸಲ ಕೈಕೊಟ್ಟಿತು, ನಾಲ್ಕನೆಯ ಸಲ ಅದಕ್ಕೇ ಬೇಸರ ಬಂದು ಪಾಸು ಮಾಡಿತು. ಎಸ್ಸೆಸ್ಸೆಲ್ಸಿ ಇದ್ದವರಿಗೆ ಗುಮಾಸ್ತೆಯಾಗಿ ಬಡ್ತಿ ಸಿಗುತ್ತದೆ. ಈ ವರ್ಷ ಪಟ್ಟಿಯಲ್ಲಿ ಮೂಕಮ್ಮನವರ ಹೆಸರು ಮೊದಲನೆಯದು. ಏಪ್ರಿಲ್ ಕೊನೆಗೆ ಶಿವಮೊಗ್ಗದಲ್ಲಿ ಬಡ್ತಿ ಸಭೆ, ಇವರಿಗೆ ಉಳಿದದ್ದು ಮೂರು ವರ್ಷದ ಸರ್ವಿಸು.

"ಸಂಬಳ ಎಷ್ಟು ಜಾಸ್ತಿಯಾಗ್ತದೆ ಮೂಕಮ್ಮ?" ಎಂದು ಕೇಳಿದ್ದೆ.

"ಅದೆಲ್ಲ ಯಾರಿಗೆ ಗೊತ್ತು ಶೆಟ್ರೆ. ಕೂತ್ಕಂಡು ಕೆಲಸ ಮಾಡ್ಬೇಕು. ನನ್ನ ಮೊಣಕಾಲಿಗೂ ಸರ್ಕಾರ ಇದೆ ಅಂತ ಒಂಚೂರು ಗೊತ್ತಾಗ್ಲಿ."

ಹೊಸ ಸಾಹೇಬರು ಬಂದದ್ದು ಆಗಲೇ. ಹೆಸರು ಹರಿಪ್ರಸಾದ್, ಊರು ಬಯಲುಸೀಮೆ, ಒಳ್ಳೆಯ ಮನುಷ್ಯ, ಆದರೆ ನಿಯಮ ಓದುವ ಅಭ್ಯಾಸವಿತ್ತು. ಬಂದ ವಾರವೇ ಸುತ್ತೋಲೆ ಹೊರಡಿಸಿದರು: ಕಚೇರಿಯ ಯಾವುದೇ ಸೌಲಭ್ಯವನ್ನು ಸಿಬ್ಬಂದಿ ಸ್ವಂತಕ್ಕೆ ಬಳಸತಕ್ಕದ್ದಲ್ಲ. ಮೊಬೈಲು ಚಾರ್ಜು ಮಾಡುವಂತಿಲ್ಲ, ಮಕ್ಕಳ ಪ್ರಾಜೆಕ್ಟು ಪ್ರಿಂಟು ತೆಗೆಯುವಂತಿಲ್ಲ, ಇಂಡಕ್ಷನ್ ಒಲೆ ಉರಿಸುವಂತಿಲ್ಲ. ಮರುದಿನದಿಂದ ಇಡೀ ಕಚೇರಿ ಚಾರ್ಜರು ಹಿಡಿದು ನನ್ನ ಅಂಗಡಿಗೆ ಬಂತು. ಸುತ್ತೋಲೆಯ ಪ್ರತಿಗಳೂ ನನ್ನಲ್ಲೇ ಜೆರಾಕ್ಸ್ ಆದವು. ಇಂಥ ಶಿಸ್ತಿನ ಅಧಿಕಾರಿಗಳು ದೇಶಕ್ಕೆ ಇನ್ನಷ್ಟು ಬೇಕು ಎಂದುಕೊಂಡೆ.

ಸುತ್ತೋಲೆಯಲ್ಲಿ ತಾರಸಿಯ ಮಾತು ಇರಲಿಲ್ಲ. ಮೂಕಮ್ಮನವರು ಪ್ರತಿ ಬೇಸಿಗೆಯಲ್ಲೂ ಹಲಸಿನಕಾಯಿ ಹಪ್ಪಳ ಒಣಗಿಸುವುದು ಅಲ್ಲೇ. ಅವರ ಮನೆಯದು ಹೆಂಚಿನ ಮಾಡು, ಸುತ್ತ ಮರ. ಅಂಗಳಕ್ಕೆ ಬಿಸಿಲು ಬರುವುದು ಹನ್ನೆರಡಕ್ಕೆ, ಒಂದು ಗಂಟೆಗೆ ವಾಪಸು. ಕಚೇರಿಯ ತಾರಸಿಯಲ್ಲಾದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಸುಮ್ಮನೆ ಬಿದ್ದಿರುತ್ತದೆ. ಹಿಂದಿನ ಎಂಟು ಸಾಹೇಬರಿಗೂ ಇದು ಗೊತ್ತಿತ್ತು. ಅವರ ಮನೆಗೂ ಒಂದೊಂದು ಕಟ್ಟು ಹೋಗುತ್ತಿತ್ತು.

ಒಂಬತ್ತನೆಯವರು ನೀರಿನ ಟ್ಯಾಂಕು ನೋಡಲು ಮೇಲೆ ಹತ್ತಿದರು.

ಅರ್ಧ ಗಂಟೆಯಲ್ಲಿ ನನಗೆ ಕರೆ ಬಂತು. ಮಹಜರು ಮಾಡಬೇಕು, ಹೊರಗಿನ ಸಾಕ್ಷಿ ಬೇಕು. ಹೋದರೆ ಗುಮಾಸ್ತ ಸುನಿಲ್ ಚಾಪೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಎಣಿಸುತ್ತಿದ್ದ. ಮೂರು ಸಲ ಎಣಿಸಿದ, ಮೂರು ಸಲವೂ ಬೇರೆ ಬೇರೆ ಬಂತು. ಕೊನೆಗೆ ಮೂಕಮ್ಮನವರೇ ಹೇಳಿದರು: "ನಾನೂರ ಹನ್ನೆರಡು ಇದೆ ಬರ್ಕೊ ಮಾರಾಯ. ಒತ್ತಿದವಳು ನಾನು."

ಸಾಹೇಬರು ಹಲಸಿನ ಹಪ್ಪಳ ಅದುವರೆಗೆ ನೋಡಿರಲಿಲ್ಲ. 'ಸುಮಾರು ವೃತ್ತಾಕಾರದ, ತಿಳಿ ಹಳದಿ ಬಣ್ಣದ, ಅರೆ ಒಣಗಿದ ವಸ್ತುಗಳು 412' ಎಂದು ಬರೆಸಿದರು. ನಾನು ಸಹಿ ಹಾಕಿದೆ. ಮೂಕಮ್ಮನವರ ಕೈಗೆ ಕಾರಣ ಕೇಳಿ ನೋಟಿಸು ಬಂತು. ವಿಚಾರಣೆ ಬಾಕಿ ಇದ್ದರೆ ಬಡ್ತಿ ಪಟ್ಟಿಯಿಂದ ಹೆಸರು ಹೋಗುತ್ತದೆ. ಅದು ಗೊತ್ತಿದ್ದವರೆಲ್ಲ ಚಾಪೆ ನೋಡಿದರು.

ಸಂಜೆ ಉತ್ತರ ಬರೆಸಲು ಮೂಕಮ್ಮ ಅಂಗಡಿಗೆ ಬಂದರು. ಅರ್ಜಿ ಬರೆದುಕೊಡುವುದೂ ನನ್ನ ಕಸುಬೇ. ಸದರಿ ಹಪ್ಪಳಗಳು ಪಕ್ಕದ ಮನೆಯಿಂದ ಗಾಳಿಗೆ ಹಾರಿಬಂದಿರುತ್ತವೆ ಎಂದು ಚೆಂದವಾಗಿ ಶುರುಮಾಡಿದ್ದೆ.

"ಚಾಪೆ ಸಮೇತ ಹಾರಿ ಬಂತಾ?" ಎಂದರು ಮೂಕಮ್ಮ. "ಸಾಲಾಗಿ ಬಂದು ಮಲಗ್ತಾ?"

"ಮತ್ತೆ ಎಂತ ಬರೀಲಿ?"

"ನಾನೇ ಹಾಕಿದ್ದು ಅಂತ ಬರೀರಿ. ತಾರಸಿ ಸರ್ಕಾರದ್ದು, ಬಿಸಿಲು ಯಾರದ್ದು ಅಂತ ಗೊತ್ತಿರ್ಲಿಲ್ಲ, ತಪ್ಪಾಯ್ತು ಅಂತ ಬರೀರಿ."

"ಹಾಗೆ ಬರೆದ್ರೆ ಕುರ್ಚಿ ಹೋಗ್ತದೆ."

"ಸುಳ್ಳು ಬರ್ದು ಕೂತ್ರೆ ಅದು ಚುಚ್ತದೆ ಶೆಟ್ರೆ."

ಬರೆದುಕೊಟ್ಟೆ. ಬರವಣಿಗೆಯ ಚಾರ್ಜು ಬಿಡೋಣ ಎನ್ನಿಸಿತು, ಆದರೆ ಅಭ್ಯಾಸ ಬಿಡಲಿಲ್ಲ.

ಮರುದಿನ ಸುನಿಲ್ ಸಾಹೇಬರ ಮುಂದೆ ತಲೆ ಕೆರೆದುಕೊಂಡು ನಿಂತ.

"ಸಾರ್, ಸಾಕ್ಷ್ಯ ಹಸಿ ಇದೆ. ಇವತ್ತು ಬಿಸಿಲು ಕಾಣ್ದಿದ್ರೆ ನಾಳೆ ಬೂಷ್ಟು ಬರ್ತದೆ."

"ಬಂದರೆ?"

"ಜಪ್ತಿ ವಸ್ತು ಹಾಳಾದ್ರೆ ಜವಾಬ್ದಾರಿ ಜಪ್ತಿ ಮಾಡಿದವರದ್ದು ಸಾರ್."

ಹನ್ನೊಂದು ಗಂಟೆಗೆ ಕಚೇರಿ ಆದೇಶ ಹೊರಟಿತು: ಜಪ್ತಿಯಾದ ವಸ್ತುಗಳನ್ನು ಗ್ರೂಪ್ ಡಿ ಸಿಬ್ಬಂದಿಯು ಕಚೇರಿ ವೇಳೆಯಲ್ಲಿ ತಾರಸಿಯ ಮೇಲೆ ಒಣಗಿಸತಕ್ಕದ್ದು. ಗ್ರೂಪ್ ಡಿ ಸಿಬ್ಬಂದಿ ಎಂದರೆ ಇರುವುದೇ ಒಬ್ಬರು. ಹೀಗೆ ನಿನ್ನೆಯವರೆಗೆ ಅಪರಾಧವಾಗಿದ್ದದ್ದನ್ನು ಮೂಕಮ್ಮನವರು ಇಂದು ಡ್ಯೂಟಿಯಾಗಿ ಮಾಡತೊಡಗಿದರು. ಕಾಗೆ ಓಡಿಸಲು ಒಂದು ಕೋಲು ಮಂಜೂರಾಯಿತು. ನನ್ನ ಅಂಗಡಿಯಿಂದ ದಪ್ಪ ಪ್ಲಾಸ್ಟಿಕ್ ಹಾಳೆಯೂ ಹೋಯಿತು, ಬಿಲ್ಲು ಸಮೇತ.

ಮೂರನೆಯ ದಿನ ಸಾಹೇಬರು ಮೇಲೆ ಬಂದು ಬೆರಳಲ್ಲಿ ಒಂದನ್ನು ಒತ್ತಿ ನೋಡಿದರು.

"ಒಣಗಿದೆಯಾ?"

"ಕರಿದು ನೋಡ್ದೆ ಹೇಳಕ್ಕಾಗಲ್ಲ ಸಾರ್," ಎಂದರು ಮೂಕಮ್ಮ. ಅದು ನಿಜವೂ ಹೌದು. ಒಣಗಿದ್ದರೆ ಎಣ್ಣೆಯಲ್ಲಿ ಅರಳುತ್ತದೆ, ಇಲ್ಲದಿದ್ದರೆ ಮುದುಡಿಕೊಳ್ಳುತ್ತದೆ.

ಹಾಗಾಗಿ ನಿಷೇಧವಾಗಿದ್ದ ಇಂಡಕ್ಷನ್ ಒಲೆ ಪರೀಕ್ಷಾರ್ಥವಾಗಿ ಹೊರಬಂತು. ಒಂದು ಹಪ್ಪಳ ಕರಿದರು. ಅರಳಿತು. ಸಾಹೇಬರು ಅದನ್ನು ತಿಂದು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು.

"ಒಂದರಿಂದ ನಿರ್ಧಾರ ಮಾಡುವುದು ಸರಿಯಲ್ಲ," ಎಂದರು. "ಬೇರೆ ಚಾಪೆಯದ್ದೂ ನೋಡಿ."

ಅಲ್ಲಿಂದ ದಿನವೂ ನಾಲ್ಕು ಗಂಟೆಗೆ ಪರೀಕ್ಷೆ. ಚಹಾದ ಹೊತ್ತಿಗೇ ಸರಿಹೋಗುತ್ತಿತ್ತು. ಕಚೇರಿಯ ಎಲ್ಲರೂ ಪರೀಕ್ಷಿಸಿದರು. ಮಹಜರಿನ ಸಾಕ್ಷಿ ಎಂಬ ನೆಲೆಯಲ್ಲಿ ನಾನೂ ಹನ್ನೊಂದು ಪರೀಕ್ಷಿಸಿದೆ. ಸಾಹೇಬರು ಶನಿವಾರ ಒಂದು ಕಟ್ಟು ಮನೆಗೆ ಒಯ್ದರು, ಹೆಚ್ಚಿನ ಪರಿಶೀಲನೆಗಾಗಿ. ಮೂಕಮ್ಮ ಮಾತ್ರ ಕರಿದು ಕೊಡುತ್ತಿದ್ದರು, ಬಾಯಿಗಿಡುತ್ತಿರಲಿಲ್ಲ.

"ಒಂದು ತಿನ್ನಿ," ಎಂದು ನಾನೇ ಒತ್ತಾಯಿಸಿದೆ. "ನಿಮ್ಮ ಕೈಯದ್ದೇ ಅಲ್ವಾ."

"ಹೋದ ವಾರ ನನ್ನದು ಶೆಟ್ರೆ. ಈಗ ಅದಕ್ಕೆ ನಂಬರ್ ಬಿದ್ದಿದೆ."

ಸಭೆಗೆ ನಾಲ್ಕು ದಿನ ಇರುವಾಗ ಜಿಲ್ಲಾ ಕಚೇರಿಯಿಂದ ವಿಚಾರಣೆಗೆ ತೃಪ್ತಿ ಮೇಡಂ ಬಂದರು. ತೀರ್ಥಹಳ್ಳಿ ಕಡೆಯವರು, ಹಪ್ಪಳದ ವಿಷಯದಲ್ಲಿ ಅವರಿಗೆ ಏನನ್ನೂ ಕಲಿಸಬೇಕಾಗಿರಲಿಲ್ಲ. ಸಾಕ್ಷಿಯೆಂದು ನನ್ನನ್ನೂ ಕರೆಸಿದರು. ಮಹಜರು ಓದಿದರು, ಹಪ್ಪಳ ತುಂಬಿಟ್ಟಿದ್ದ ಡಬ್ಬಿ ತರಿಸಿದರು, ತಾವೇ ಎಣಿಸಿದರು.

"ನಾನೂರ ಹನ್ನೆರಡು ಬರೆದಿದ್ದೀರಿ. ಇಲ್ಲಿ ನೂರ ತೊಂಬತ್ತಾರು ಇದೆ."

ಸಾಹೇಬರು ಡಬ್ಬಿಯ ಮುಚ್ಚಳ ಮುಚ್ಚಿದರು. "ಪರೀಕ್ಷೆಗೆ ಬಳಸಿದ್ದು ಮೇಡಂ."

"ಇನ್ನೂರ ಹದಿನಾರು ಸಲ ಪರೀಕ್ಷೆ ಮಾಡಿದ್ರಾ? ಪಾಸಾಯ್ತಾ?"

ಸುನಿಲ್ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕಲು ಹೋದ. ಪೆನ್ನು ಬಿದ್ದೇ ಇರಲಿಲ್ಲ.

ಮೇಡಂ ಮೂಕಮ್ಮನವರ ಕಡೆ ತಿರುಗಿದರು. "ತಾರಸಿಯಲ್ಲಿ ಹಪ್ಪಳ ಹಾಕಿದ್ದು ಹೌದಾ?"

"ಹೌದು ಮೇಡಂ. ಬರ್ದು ಕೊಟ್ಟಿದೀನಿ. ತಪ್ಪು."

"ಜಪ್ತಿ ಆದ ಮೇಲೆ ನೀವೆಷ್ಟು ತಿಂದ್ರಿ?"

"ಸರ್ಕಾರದ್ದು ಮೇಡಂ ಅದು. ನಾ ಹೆಂಗೆ ತಿನ್ಲಿ?"

ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಫ್ಯಾನು ನೋಡಿದರು. ನಾನೂ ನೋಡಿದೆ, ಅದು ತಿರುಗುತ್ತಿರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು: "ಹರಿಪ್ರಸಾದ್, ಈ ಕಚೇರಿಯಲ್ಲಿ ಸರ್ಕಾರದ ವಸ್ತುವನ್ನು ಸ್ವಂತಕ್ಕೆ ಬಳಸದವರು ಇವರೊಬ್ಬರೇ. ಇವರ ಮೇಲೆ ವಿಚಾರಣೆ ನಡೀಬೇಕಾದ್ರೆ ಖರ್ಚಾದ ಇನ್ನೂರ ಹದಿನಾರರ ವಿಚಾರಣೆ ಮೊದಲು ನಡೀಬೇಕು. ಎಲ್ಲಿಂದ ಶುರು ಮಾಡ್ಲಿ?"

ಎಲ್ಲಿಂದಲೂ ಬೇಡ ಎಂಬುದು ಸಾಹೇಬರ ಮುಖದಲ್ಲೇ ಇತ್ತು. ಎಚ್ಚರಿಕೆ ಕೊಟ್ಟು ಮುಕ್ತಾಯಗೊಳಿಸಲಾಗಿದೆ ಎಂದು ಮೇಡಂ ಫೈಲಿನಲ್ಲಿ ಬರೆದರು. ಇನ್ನು ಮುಂದೆ ತಾರಸಿ ಖಾಲಿ ಇರಬೇಕು ಎಂದು ಮೂಕಮ್ಮನವರಿಗೆ ಹೇಳಿದರು. ವಿಚಾರಣೆ ಬಾಕಿ ಇಲ್ಲ ಎಂದು ಬಡ್ತಿಗೆ ಬೇಕಾದ ಪ್ರಮಾಣಪತ್ರ ಅಂದೇ ಶಿವಮೊಗ್ಗಕ್ಕೆ ಹೋಯಿತು. ಸಾಹೇಬರು ತಾವೇ ಸಹಿ ಹಾಕಿ, ತಾವೇ ಲಕೋಟೆ ಅಂಟಿಸಿದರು.

ಮೇ ಎರಡನೆಯ ವಾರ ಆದೇಶ ಬಂತು. ಅದೇ ಕಚೇರಿಯಲ್ಲಿ ಖಾಲಿಯಿದ್ದ ಗುಮಾಸ್ತೆ ಜಾಗ, ಕಿಟಕಿ ಪಕ್ಕದ ಮೇಜು. ಸ್ಟೇಷನರಿ ಪಟ್ಟಿ ನೋಡುವ ಕೆಲಸ ಅವರಿಗೇ ವಹಿಸಿದರು. ಕಾಗದದ ಬಂಡಲು ಹೊತ್ತು ನಾನು ಹೋದಾಗ ಅವರು ಕೂತಿದ್ದರು, ಎರಡು ಕಾಲನ್ನೂ ಮೇಜಿನ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡು. ಸಾಹೇಬರು ಹಾದುಹೋದರು. ಮೂಕಮ್ಮ ಏಳಲು ಹೊರಟವರು, ಅರ್ಧಕ್ಕೆ ನೆನಪಾಗಿ ಮತ್ತೆ ಕೂತರು.

"ಸಹಿ ಹಾಕ್ಕೊಡಿ ಮೂಕಮ್ಮ, ಅಂಗಡಿ ಬಿಟ್ಟು ಬಂದಿದೀನಿ," ಎಂದೆ.

"ಇರಿ. ಬಂಡಲಲ್ಲಿ ಹಾಳೆ ಎಷ್ಟಿದೆ ಎಣಿಸ್ಬೇಕು."

ಐನೂರು ಹಾಳೆ. ಒಂದೊಂದನ್ನೇ ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸಿದರು. ನನಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಮೊಣಕಾಲು ನೋಯುವುದು ಎಂದರೆ ಹೇಗಿರುತ್ತದೆ ಎಂದು ಇನ್ನೂರನೆಯ ಹಾಳೆಯ ಹತ್ತಿರ ನನಗೆ ತಿಳಿಯತೊಡಗಿತು.