ಸದ್ದಿಗೆ ದುಡ್ಡು ಕೊಡದ ಮೇಸ್ತ್ರಿ

ಬೆಳಗಿನ ಐದೂಮುಕ್ಕಾಲು. ಅಂಗಡಿ ಸಾಲಿನ ತುದಿಯಲ್ಲಿ, ಮೂರು ಗೋಡೆ ಮತ್ತು ತಗಡಿನ ಚಾವಣಿಯ ಗ್ಯಾರೇಜೊಂದರ ಶಟರ್ ಅರ್ಧ ಎದ್ದಿದೆ. ರಾತ್ರಿಯಿಡೀ ತಣ್ಣಗೆ ನಿಂತಿದ್ದ ನೀಲಿ ಕಾರಿನ ಬಾನೆಟ್ ತೆರೆದಿದೆ. ಮಗಳು ಕಿಟಕಿಯಿಂದ ಕೈ ಹಾಕಿ ಚಾಬಿ ತಿರುಗಿಸಿ, ಓಡಿ ಬಂದು ಇಂಜಿನ್ನಿನ ಬಲಕ್ಕೆ ನಿಲ್ಲುತ್ತಾಳೆ. ಎಡಕ್ಕೆ ಅಪ್ಪ. ಇಬ್ಬರ ಕೈಯಲ್ಲೂ ಮೊಳದುದ್ದದ ಸ್ಕ್ರೂಡ್ರೈವರ್. ಅದರ ತುದಿ ಇಂಜಿನ್ನಿಗೆ ತಾಗಿದೆ. ಮಗಳು ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದಾಳೆ, ಅಪ್ಪ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾರೆ.

ಏನಂತಿದೆ ಎಂದು ಅಪ್ಪ ಹುಬ್ಬಿನಲ್ಲೇ ಕೇಳುತ್ತಾರೆ. ಅವಳು ಅವರ ಬಲಗಿವಿಗೆ ಬಾಯಿಟ್ಟು ಕಟಕಟ ಎನ್ನುತ್ತಾಳೆ. ಸ್ಕ್ರೂಡ್ರೈವರ್ ಬಾಯಿಂದ ತೆಗೆದು, ಕಟಕಟವೋ ಟಕಟಕವೋ ಸರಿಯಾಗಿ ಹೇಳು ಎಂದು ಅವರು ಗದರುತ್ತಾರೆ. ಅವಳು ಮತ್ತೆ ಕಿವಿಗೊಟ್ಟು ಕೇಳಿ, ಈ ಸಲ ಬಾಯಿಂದ ಹೇಳದೆ, ಅವರ ಮುಂಗೈ ಮೇಲೆ ಒಂದು ಬೆರಳಿನಿಂದ ತಾಳ ಬಡಿದು ತೋರಿಸುತ್ತಾಳೆ. ಅಪ್ಪ ಕಣ್ಣು ಮುಚ್ಚಿ ಎಣಿಸುತ್ತಾರೆ. ಇಂಜಿನ್ ಬಿಸಿಯಾಗುತ್ತಿದ್ದಂತೆ ಅವಳ ಬೆರಳು ನಿಧಾನಕ್ಕೆ ಹಗುರಾಗುತ್ತದೆ. ವಾಲ್ವಿನ ಸಂದು ಸಡಿಲಾಗಿದೆ, ಬೇರೇನಿಲ್ಲ ಎಂದು ತೀರ್ಪು ಕೊಟ್ಟು ಅವರು ಕೈ ಒರೆಸಿಕೊಳ್ಳುತ್ತಾರೆ. ಮಗಳು ನೋಟ್‌ಬುಕ್ ತೆಗೆದು ನಲವತ್ಮೂರನೆಯ ಸದ್ದನ್ನು ಬರೆದುಕೊಳ್ಳುತ್ತಾಳೆ.

ಇಂಜಿನ್ ತಣ್ಣಗಿದ್ದಾಗಲೇ ನಿಜ ಹೇಳುತ್ತದಂತೆ, ಬಿಸಿಯಾದ ಮೇಲೆ ಅರ್ಧ ಮುಚ್ಚಿಡುತ್ತದಂತೆ. ಅದಕ್ಕೇ ಈ ಪಾಠ ನಸುಕಿನಲ್ಲಿ. ಅಪ್ಪನಿಗೆ ಎಲ್ಲ ಸದ್ದೂ ಗೊತ್ತು, ಆದರೆ ಕೇಳಿಸುವುದಿಲ್ಲ, ಕಚ್ಚಿದ ಹಲ್ಲಿಗೆ ಬರೀ ಅದುರು ಸಿಗುತ್ತದೆ. ಮಗಳಿಗೆ ಕೇಳಿಸುತ್ತದೆ, ಯಾವುದು ಯಾವುದೆಂದು ಗೊತ್ತಿಲ್ಲ. ಅಪ್ಪನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೆಚ್ಚೆಂದರೆ ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿ ಐದು ತಿಂಗಳಾಯಿತು. ಅಷ್ಟರಲ್ಲಿ ತಮ್ಮ ತಲೆಯೊಳಗಿರುವ ನೂರಿಪ್ಪತ್ತು ಸದ್ದುಗಳನ್ನು ಮಗಳ ತಲೆಗೆ ದಾಟಿಸಬೇಕೆಂದು ಅವರು ಹಟ ತೊಟ್ಟಿದ್ದಾರೆ. ದಿನಕ್ಕೊಂದು ಕಲಿಸಿದರೂ ಮುಗಿಯುತ್ತದಲ್ಲ ಎಂದು, ಪತ್ರಿಕೆಯ ಭಾನುವಾರದ ಪುರವಣಿಗೆ ಇವರ ಬಗ್ಗೆ ಬರೆಯಲು ಬಂದಿದ್ದ ನಾನು ಲೆಕ್ಕ ಹೇಳಿದೆ. ದಿನಕ್ಕೊಂದು ಹೊಸ ರೋಗದ ಗಾಡಿ ಎಲ್ಲಿಂದ ತರಲಿ, ಸದ್ದನ್ನು ಅಂಗಡಿಯಲ್ಲಿ ಮಾರುತ್ತಾರೆಯೇ ಎಂದು ಅವರು ನನ್ನನ್ನೇ ಕೇಳಿದರು.

ಊರಿಗೆಲ್ಲ ಅವರು ಕಿವಿ ಮೇಸ್ತ್ರಿ. ಇಪ್ಪತ್ತಾರು ವರ್ಷ ದೊಡ್ಡದೊಂದು ಗ್ಯಾರೇಜಿನಲ್ಲಿ ದುಡಿದರು. ಬಿಚ್ಚದೆ, ಮುಟ್ಟದೆ, ಬರೀ ಕೇಳಿ ರೋಗ ಹೇಳುತ್ತಿದ್ದರು. ಗಾಡಿ ಗೇಟು ದಾಟಿ ಒಳಗೆ ಬರುವಷ್ಟರಲ್ಲಿ ಇವರ ಬಾಯಲ್ಲಿ ಉತ್ತರ ಇರುತ್ತಿತ್ತಂತೆ. ಹೆಂಡತಿ ಈಗಲೂ ತಮಾಷೆ ಬಿಟ್ಟಿಲ್ಲ. ಕಿವಿ ಚೆನ್ನಾಗಿದ್ದಾಗಲೂ ನನ್ನ ಮಾತು ಕೇಳುತ್ತಿರಲಿಲ್ಲ, ಈಗ ಡಾಕ್ಟರ ಚೀಟಿ ಬೇರೆ ಸಿಕ್ಕಿದೆ ಎನ್ನುತ್ತಾರೆ. ಹೇಳಿ ನಕ್ಕು, ನಗು ಮುಗಿಯುವ ಮೊದಲೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಾರೆ.

ಏಳು ವರ್ಷದ ಹಿಂದೆ ಆ ಗ್ಯಾರೇಜು ಮುಚ್ಚಿತು. ಅಲ್ಲಿ ಉಪಕರಣವೆಲ್ಲ ಮಾಲೀಕನದು. ಗೋಡೆಗೆ ಹೊಡೆದ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಸಂಜೆ ಕೆಲಸ ಬಿಡುವಾಗ ಒಂದು ಆಕಾರವೂ ಖಾಲಿ ಕಾಣಬಾರದು. ಕೊನೆಯ ದಿನವೂ ಇವರು ಎಲ್ಲವನ್ನೂ ಒರೆಸಿ, ಜಾಗಕ್ಕೆ ತೂಗುಹಾಕಿ, ಕೈಯೊರೆಸುವ ಬಟ್ಟೆಯೊಂದನ್ನು ಹಿಡಿದು ಹೊರಬಂದರು. ಆಗ ವಯಸ್ಸು ನಲವತ್ತೆಂಟು. ಇಪ್ಪತ್ತಾರು ವರ್ಷದ ಕಸುಬು ಕೈಯಲ್ಲಿದ್ದರೂ ಸ್ವಂತದ್ದೆಂದು ಒಂದು ಇಕ್ಕಳವೂ ಇರಲಿಲ್ಲ.

ಹಾಗಾಗಿ ಅನನುಭವಿ ಹುಡುಗರಂತೆ ಮೊದಲಿಂದ ಶುರು. ಸತತ ಮೂರು ಭಾನುವಾರ ಹಳೇ ಸಾಮಾನಿನ ಬಜಾರು ಸುತ್ತಿದರು. ಜೇಬಿನಲ್ಲಿ ಹದಿಮೂರು ಮಿಲಿಮೀಟರಿನ ಬೋಲ್ಟೊಂದನ್ನು ಇಟ್ಟುಕೊಂಡು, ಕೈಗೆ ಸಿಕ್ಕ ಆ ಅಳತೆಯ ಸ್ಪ್ಯಾನರನ್ನೆಲ್ಲ ಅದಕ್ಕೆ ಹಾಕಿ ಅಲುಗಿಸಿ ನೋಡಿದರು. ಅಲುಗಿದರೆ ಅದು ಬೋಲ್ಟಿನ ಮೂಲೆಗಳನ್ನು ತಿಂದು ಗುಂಡಗೆ ಮಾಡುತ್ತದೆ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಹೊಳಪಿಗೆ ಮರುಳಾಗಬಾರದು. ನೂರೆಂಟು ಸಾಮಾನಿನ ಪೆಟ್ಟಿಗೆಯನ್ನು ಒಟ್ಟಿಗೆ ಕೊಳ್ಳಬಾರದು, ಅದರಲ್ಲಿ ಎಂಬತ್ತು ಸಾಮಾನು ಬರೀ ಪೆಟ್ಟಿಗೆ ತುಂಬಿಸುವುದಕ್ಕೇ ಇರುತ್ತವೆ. ಈ ಮಾತು ಬಂದಾಗ ಅವರ ಮುಖ ಬೆಳಗುತ್ತದೆ.

“ಹತ್ತು, ಹನ್ನೆರಡು, ಹದಿಮೂರು, ಹದಿನೇಳು. ಮುಕ್ಕಾಲು ಪಾಲು ಕೆಲಸ ಈ ನಾಲ್ಕು ನಂಬರಿಂದೇ. ಇವನ್ನ ಒಳ್ಳೇದೇ ತಗೋಬೇಕು. ಉಳಿದಿದ್ದು ಅಗ್ಗದ್ದು ಸಾಕು, ಮುರಿದಾಗ ಆ ನಂಬರ್ ಮಾತ್ರ ಒಳ್ಳೇದು ತಂದ್ರಾಯ್ತು. ಜಾಕ್ ಮಾತ್ರ ಹಳೇದು ಬೇಡ. ಅದರ ಕೆಳಗೆ ಮಲಗೋದು ನಾವೇ ಅಲ್ವಾ?”

ಕೈ ಉಪಕರಣದಲ್ಲಿ ಒಂದೂ ತಪ್ಪು ಮಾಡದ ಮನುಷ್ಯ ಗಾಳಿಯ ಉಪಕರಣದಲ್ಲಿ ಎಡವಿದರು. ಚಕ್ರದ ನಟ್ಟು ಬಿಚ್ಚಲು ಗಾಳಿಯ ಒತ್ತಡದಿಂದ ತಿರುಗುವ ಗನ್ನು ಬೇಕೇಬೇಕು. ನಾಲ್ಕು ಚಕ್ರದ ಇಪ್ಪತ್ತು ನಟ್ಟನ್ನು ಕೈಯಲ್ಲಿ ಬಿಚ್ಚಿ ಹಾಕಲು ಅರ್ಧ ಗಂಟೆ ಹಿಡಿದರೆ, ಗನ್ನಿನಲ್ಲಿ ಐದು ನಿಮಿಷ. ಅಂಗಡಿಯವನು ಎರಡು ಗನ್ನು ಮುಂದಿಟ್ಟ. ಶಕ್ತಿ ಎರಡರದ್ದೂ ಒಂದೇ. ಒಂದಕ್ಕೆ ಸದ್ದು ಅಡಗಿಸುವ ಸೈಲೆನ್ಸರ್ ಇತ್ತು, ಬೆಲೆ ಎರಡರಷ್ಟು. ಇನ್ನೊಂದು ಕಿವಿ ಹರಿದುಹೋಗುವಂತೆ ಕಿರುಚುತ್ತಿತ್ತು. ಇವರು ಕಿರುಚುವುದನ್ನೇ ಆರಿಸಿದರು.

“ಸದ್ದಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಅಂದ್ಕೊಂಡೆ,” ಎನ್ನುತ್ತಾರೆ ಮೇಸ್ತ್ರಿ, ನನ್ನ ಮುಖ ನೋಡದೆ.

ಅದು ಒಂದನೆಯ ತಪ್ಪು. ಎರಡನೆಯದನ್ನು ಇವರಂಥವರು ಮಾತ್ರ ಮಾಡಬಲ್ಲರು. ಕಿವಿಗೆ ಇಟ್ಟುಕೊಳ್ಳುವ ರಬ್ಬರಿನ ಬಿರಡೆ ಪಕ್ಕದ ಅಂಗಡಿಯಲ್ಲೇ ಸಿಗುತ್ತಿತ್ತು, ಬೆಲೆ ಒಂದು ಲೋಟ ಟೀಯಷ್ಟು. ಇವರು ಹಾಕಿಕೊಳ್ಳಲಿಲ್ಲ. ಕಿವಿ ಮುಚ್ಚಿಕೊಂಡರೆ ಪಕ್ಕದಲ್ಲಿ ಓಡುತ್ತಿರುವ ಇಂಜಿನ್ ಏನು ಹೇಳುತ್ತಿದೆಯೆಂದು ಗೊತ್ತಾಗುವುದಿಲ್ಲವಲ್ಲ. ಚೆನ್ನಾಗಿ ಕೇಳಬೇಕೆಂಬ ಆಸೆಯಿಂದಲೇ ತೆರೆದ ಕಿವಿಯಲ್ಲಿ, ಮೂರು ಗೋಡೆ ಮತ್ತು ತಗಡಿನ ನಡುವೆ, ದಿನಕ್ಕೆ ಏಳು ಗಾಡಿಯಂತೆ ಐದು ವರ್ಷ ಆ ಕಿರುಚಾಟ ಕುಡಿದರು. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇನ್ನೂ ತಿಳಿದಿಲ್ಲ.

ಮೊದಲು ಹಕ್ಕಿಯ ದನಿ ಹೋಯಿತಂತೆ, ಆಮೇಲೆ ಫೋನಿನ ಗಂಟೆ. ತಲೆಯೊಳಗೆ ಹಗಲಿರುಳು ಗುಂಯ್ ಎಂಬ ಸದ್ದೊಂದು ಮನೆ ಮಾಡಿತು. ಗಿರಾಕಿಗಳಿಗೆ ಗೊತ್ತಾಗದಂತೆ ನೋಡಿಕೊಂಡರು. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು, ತಿಳಿಯದಿದ್ದಾಗ ನಕ್ಕು ತಲೆಯಾಡಿಸಿದರು. ಕಿವಿಗೆ ಹಾಕುವ ಯಂತ್ರವನ್ನೂ ತಂದು ನೋಡಿದರು. ಅದು ತಗಡಿನ ಕೆಳಗಿನ ಎಲ್ಲ ಗದ್ದಲವನ್ನೂ ಒಟ್ಟಿಗೆ ದೊಡ್ಡದು ಮಾಡಿ ತಲೆನೋವು ತಂದಿತೇ ಹೊರತು ಬೇರಿಂಗಿನ ಸದ್ದನ್ನು ಬಿಡಿಸಿ ಕೊಡಲಿಲ್ಲ. ಈಗ ಅದು ಡ್ರಾಯರಿನಲ್ಲಿದೆ.

ಎರಡು ವರ್ಷದ ಹಿಂದೆ ಬಾಡಿಗೆ ವ್ಯಾನಿನ ಚಾಲಕರೊಬ್ಬರು ಬಂದರು, ಹಳೆಯ ಪರಿಚಯ. ವೇಗ ಹೆಚ್ಚಿಸಿದಾಗ ಮುಂದೆಲ್ಲೋ ಸದ್ದು ಬರುತ್ತಿದೆ ಎಂದರು. ಮೇಸ್ತ್ರಿ ಪಕ್ಕದಲ್ಲಿ ಕೂತು ಎರಡು ಸುತ್ತು ಹೋಗಿಬಂದರು. ಏನೂ ಕೇಳಿಸಲಿಲ್ಲ. ಏನೂ ಇಲ್ಲ, ಟಯರಿನ ಸದ್ದು, ಹೋಗಿಬನ್ನಿ ಎಂದುಬಿಟ್ಟರು. ಹನ್ನೊಂದನೆಯ ದಿನ ಮುಂದಿನ ಚಕ್ರದ ಬೇರಿಂಗ್ ಬಿಗಿದುಕೊಂಡು ವ್ಯಾನು ರಸ್ತೆ ಪಕ್ಕದ ಕಂಬಕ್ಕೆ ಬಡಿಯಿತು. ಚಾಲಕರ ಬಲ ಮಂಡಿ ಪುಡಿಯಾಯಿತು. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ, ಗಾಡಿ ಓಡಿಸುವುದಿಲ್ಲ.

ಮೇಸ್ತ್ರಿ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ನಿಂತು, ನನಗೆ ಅವತ್ತು ಕೇಳಿಸಿಯೇ ಇರಲಿಲ್ಲ ಎಂದು ಒಪ್ಪಿಕೊಂಡರು.

“ಬೈದಿದ್ರೆ ಚೆನ್ನಾಗಿತ್ತು. ಅವರು ಏನೋ ಅಂದ್ರು. ಏನಂದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಂದ್ಸಲ ಹೇಳಿ ಅನ್ನೋಕೆ ಬಾಯೇ ಬರ್ಲಿಲ್ಲ.”

ಅದಾದ ವಾರಕ್ಕೆ ಮಗಳು ಜೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ಗ್ಯಾರೇಜಿಗೆ ಬಂದಳು. ಸ್ಪ್ಯಾನರ್ ಹಿಡಿಯಲು ಕಲಿತಳು, ಹದಿಮೂರಕ್ಕೂ ಹದಿನಾಲ್ಕಕ್ಕೂ ಕಣ್ಣಿನಲ್ಲೇ ವ್ಯತ್ಯಾಸ ಕಂಡುಹಿಡಿಯುವಷ್ಟು ಪಳಗಿದಳು. ಗನ್ನಿನ ವಿಷಯದಲ್ಲಿ ಮಾತ್ರ ಅಪ್ಪ ಮಗಳಿಗೆ ಜಟಾಪಟಿ. ತಾವು ಅದನ್ನು ಕೆಳಗಿಟ್ಟಾಯಿತು, ಅವಳೂ ಮುಟ್ಟಕೂಡದು ಎಂಬುದು ಅಪ್ಪನ ಕಟ್ಟಪ್ಪಣೆ. ಸದ್ದಿಲ್ಲದ ಗನ್ನು ಕೊಳ್ಳುವ ಶಕ್ತಿ ಈಗ ಮೊದಲಿಗಿಂತ ಕಡಿಮೆ. ಬದಲಿಗೆ ಎರಡೂವರೆ ಅಡಿಯ ಉದ್ದನೆಯ ಕಬ್ಬಿಣದ ಹಿಡಿಯೊಂದನ್ನು ತಂದುಕೊಟ್ಟರು, ನಿಂತು ಮೈಭಾರ ಹಾಕಿದರೆ ಎಂಥ ನಟ್ಟೂ ಬಿಡುತ್ತದೆ. ಬಿಡುವುದೇನೋ ನಿಜ. ಆದರೆ ಆರು ತಿಂಗಳಲ್ಲಿ ಅವಳ ಬಲ ಭುಜ ಮೇಲೇಳದಂತಾಯಿತು, ದಿನಕ್ಕೆ ಏಳು ಗಾಡಿ ಬರುತ್ತಿದ್ದಲ್ಲಿ ಮೂರಾಯಿತು. ಅವಸರದವರು ಎರಡಂಗಡಿ ಆಚೆಯ ಟಯರ್ ಅಂಗಡಿಗೆ ಹೋಗತೊಡಗಿದರು. ಗಾಡಿಯೇ ಬಾರದಿದ್ದರೆ ಕಲಿಸಲು ಸದ್ದೂ ಇಲ್ಲ.

ಅದಕ್ಕೇ ಅಪ್ಪ ಟೀ ಕುಡಿಯಲು ಹೊರಟರೆ ಅವಳು ಗನ್ನು ತೆಗೆಯುತ್ತಾಳೆ. ರಸ್ತೆ ದಾಟಿದ ಮೇಲೆ ಅವರಿಗೆ ಕೇಳಿಸುವುದಿಲ್ಲವೆಂದು ಅವಳ ಧೈರ್ಯ. ನಾನಿದ್ದ ದಿನವೂ ಹಾಗೇ ಆಯಿತು. ಇಪ್ಪತ್ತು ನಟ್ಟು ಐದೇ ನಿಮಿಷದಲ್ಲಿ ಬಿಚ್ಚಿ, ಗನ್ನನ್ನು ಮೊದಲಿದ್ದಂತೆಯೇ ಸುತ್ತಿಟ್ಟಳು. ನಾನು ಹತ್ತು ಹೆಜ್ಜೆ ದೂರ ನಿಂತು ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಮೇಸ್ತ್ರಿ ಮರಳಿ ಬಂದವರು ನೇರ ಹೋಗಿ, ಗಾಳಿ ತುಂಬುವ ಕಂಪ್ರೆಸರ್ ಮೇಲೆ ಅಂಗೈ ಇಟ್ಟರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದಿನಾ ಬಿಸಿ ಇರುತ್ತೆ ಎಂದರು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದೆ. ಭುಜ ನೋಯುತ್ತೆ ಅವಳಿಗೆ, ಬಿರಡೆ ಕೊಂಡರೆ ಪಕ್ಕದ ಅಂಗಡಿಯವನು ನನಗೆ ಹೇಳಿಬಿಡುತ್ತಾನೆಂದು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳಂತೆ, ಅವಳಮ್ಮ ಹೇಳಿದಳು ಎಂದರು. ಹತ್ತಿ ಆ ಸದ್ದನ್ನು ತಡೆಯುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಮಧ್ಯಾಹ್ನ ಮೇಸ್ತ್ರಿ ನೀಲಿ ಕಾರಿನ ಕೆಳಗೆ ಮಲಗಿದ್ದರು, ಅವರ ಕಾಲು ಮಾತ್ರ ಕಾಣುತ್ತಿತ್ತು. ಮಗಳು ನೋಟ್‌ಬುಕ್ ತೋರಿಸುತ್ತಿದ್ದಳು. ಒಂದೊಂದು ಪುಟಕ್ಕೆ ಒಂದೊಂದು ಸದ್ದು: ಕರಕರ, ಗೊರಗೊರ, ಚಿರ್ ಎನ್ನುವುದು, ಚೀಂಯ್ ಎನ್ನುವುದು, ಪಕ್ಕದಲ್ಲಿ ಅದರ ರೋಗ. ಅವಳು ಪುಟ ತಿರುವುವುದನ್ನು ನಿಲ್ಲಿಸಿ, ಅಪ್ಪನ ಕಾಲಿನ ಕಡೆಗೊಮ್ಮೆ ನೋಡಿ, ದನಿಯನ್ನು ಸ್ವಲ್ಪವೂ ತಗ್ಗಿಸದೆ ನನಗೆ ಹೇಳಿದಳು.

“ನನಗೂ ಶುರುವಾಗಿದೆ. ಒಂದೂವರೆ ತಿಂಗಳಾಯ್ತು. ರಾತ್ರಿ ಮಲಗಿದ್ರೆ ಗುಂಯ್ ಅನ್ನುತ್ತೆ. ಬೆಳಿಗ್ಗೆ ಅಪ್ಪ ಕೇಳಿದಾಗ ಕೆಲವೊಮ್ಮೆ ಊಹೆ ಮಾಡಿ ಹೇಳ್ತೀನಿ.”

ಅವಳ ಅಪ್ಪ ನಾಲ್ಕಡಿ ದೂರದಲ್ಲಿದ್ದರು. ಇಂಜಿನ್ ಓಡುತ್ತಿರಲಿಲ್ಲ, ರಸ್ತೆಯಲ್ಲೂ ಗದ್ದಲ ಇರಲಿಲ್ಲ. ಅವರ ಕಾಲು ಅಲುಗಲಿಲ್ಲ. ಅವರಿಗೆ ಹೇಳಿದ್ದೀಯಾ ಎಂದು ಕೇಳಿದೆ.

“ಅವರಿಗೆ ಹೇಳ್ಬೇಕು ಅಂದ್ರೆ ಕೂಗ್ಬೇಕು. ಇದೇನು ಕೂಗಿ ಹೇಳೋ ಮಾತಾ?” ಎಂದಳು. ಚೀಟಿಯಲ್ಲಿ ಬರೆದುಕೊಡಲು ಎರಡು ಸಲ ಕೂತಳಂತೆ. ಎದುರಿಗೆ ನಿಂತು ಅವರು ಓದುವುದನ್ನು ನೋಡಲಾರೆ ಎಂದು ಎರಡು ಸಲವೂ ಹರಿದಳಂತೆ. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. “ನೀವು ಬರೀರಿ. ಭಾನುವಾರದ ಪುರವಣಿ ಒಂದಕ್ಷರ ಬಿಡದೆ ಓದ್ತಾರೆ. ನಾನು ಆಗ ಸ್ವಲ್ಪ ಹೊರಗಡೆ ಹೋಗಿರ್ತೀನಿ.”

ಹೊರಡುವಾಗ ಮೇಸ್ತ್ರಿ ಕಾರಿನ ಕೆಳಗಿನಿಂದ ಎದ್ದು ಬಂದರು. ಪುರವಣಿಯವರು ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ಅವರ ಬಲಗಿವಿಗೆ ಬಾಯಿಟ್ಟು ಕೇಳಿದೆ: ನಿಮ್ಮ ಆಸೆ ಏನು? ಎರಡನೆಯ ಸಲ ಕೇಳಿದಾಗ ಅರ್ಥವಾಯಿತು. ಅವರು ಮಗಳ ಕಡೆ ನೋಡಿದರು. ಅವಳು ಗಡಿಬಿಡಿಯಲ್ಲಿ ಸ್ಪ್ಯಾನರ್‌ಗಳನ್ನು ಒರೆಸತೊಡಗಿದಳು.

“ನನ್ನ ವಿಷಯ ಎರಡು ಸಾಲು ಬರೆದ್ರೆ ಸಾಕು. ಅವಳ ಕಿವಿ ನನ್ನ ಕಿವಿಗಿಂತ ಚುರುಕು, ಅದನ್ನ ಬರೀರಿ. ನಲವತ್ಮೂರು ಸದ್ದು ಕಲಿತಿದ್ದಾಳೆ, ಒಂದೂ ತಪ್ಪಿಲ್ಲ. ಕಿವಿ ಮೇಸ್ತ್ರಿ ಅಂತ ಇನ್ಮೇಲೆ ಅವಳನ್ನ ಕರೀಲಿ ಜನ. ಬರೀತೀರಲ್ಲ?”

ಬರೆಯುತ್ತೇನೆ ಎಂದು ತಲೆಯಾಡಿಸಿ ಬಂದೆ. ಇಬ್ಬರು ಹೇಳಿದ್ದನ್ನೂ ಬರೆದಿದ್ದೇನೆ.