ಹಬ್ಬದ ಶುಕ್ರವಾರ

ದಕ್ಷಿಣ ಫಿಲಡೆಲ್ಫಿಯಾದಲ್ಲಿ ಎರಡು ರಸ್ತೆ ಕೂಡುವ ಮೂಲೆಯಲ್ಲಿ ಕೊಂಚೆಟ್ಟಾಳ ಸ್ಟೇಕ್ ಅಂಗಡಿ. ಕೊಂಚೆಟ್ಟಾಳ ಅಪ್ಪ ಬದುಕಿದ್ದ ಕಾಲದಲ್ಲಿ ಅಟಿಲಿಯೊ ಅಲ್ಲಿ ಈರುಳ್ಳಿ ಹೆಚ್ಚಲು ಸೇರಿಕೊಂಡ. ಆಮೇಲೆ ಕಾವಲಿ ಅವನ ಕೈಗೆ ಬಂತು. ಬಂದಿದ್ದು ಬಂತು, ಮತ್ತೆ ಬಿಡಲಿಲ್ಲ. ತಲೆಯ ಮೇಲಿನ ಕೂದಲು ಉದುರಿತು, ಮೊಣಕಾಲು ಸವೆಯಿತು, ಮುಂಗೈಯ ರೋಮವೆಲ್ಲ ಎಣ್ಣೆ ಸಿಡಿದು ಸುಟ್ಟು ಮತ್ತೆ ಹುಟ್ಟುವುದನ್ನೇ ನಿಲ್ಲಿಸಿತು. ಬೆಳಿಗ್ಗೆ ಬೇಕರಿಯವನು ಕಾಗದದ ಚೀಲದಲ್ಲಿ ಉದ್ದನೆಯ ಬ್ರೆಡ್ಡು ತಂದು ಬಾಗಿಲಿಗೆ ಒರಗಿಸಿ ಹೋಗುವ ಹೊತ್ತಿಗೆ ಅಟಿಲಿಯೊ ಕಾವಲಿ ಉಜ್ಜುತ್ತಿರುತ್ತಿದ್ದ. ಈರುಳ್ಳಿ ಒಂದು ಬದಿಗೆ, ಹಾಳೆಯಷ್ಟು ತೆಳ್ಳಗೆ ಕೊಯ್ದ ದನದ ಮಾಂಸ ಇನ್ನೊಂದು ಬದಿಗೆ. ಎರಡೂ ಬೆಂದ ಮೇಲೆ ಚೀಸ್ ಸೇರಿಸಿ ಆ ಉದ್ದನೆಯ ಬ್ರೆಡ್ಡಿಗೆ ತುಂಬಿದರೆ ಅದೇ ಸ್ಟೇಕ್. ಮಾಂಸವನ್ನು ಕೆಲವರು ಕಾವಲಿಯ ಮೇಲೇ ಕೊಚ್ಚಿ ಪುಡಿ ಮಾಡುತ್ತಾರೆ. ಅಟಿಲಿಯೊ ಕೊಚ್ಚುತ್ತಿರಲಿಲ್ಲ. ಕೊಚ್ಚಿ ಕೊಡಪ್ಪ ಎಂದು ಕೇಳಿದವನಿಗೆ, "ಹಲ್ಲಿಲ್ವಾ ನಿಂಗೆ?" ಎನ್ನುತ್ತಿದ್ದ.

ಆ ಅಂಗಡಿಯೊಳಗೆ ಕೂರುವ ಜಾಗವಿಲ್ಲ. ಒಂದು ಕಿಟಕಿ, ಅದರಾಚೆ ಪಾದಚಾರಿ ದಾರಿ, ದಾರಿಯುದ್ದಕ್ಕೂ ಸರತಿ. ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಯಾವ ಚೀಸ್ ಬೇಕು, ಈರುಳ್ಳಿ ಬೇಕೋ ಬೇಡವೋ ಎಂದು ಮನಸ್ಸು ಮಾಡಿಕೊಂಡಿರಬೇಕು. ಎರಡೇ ಮಾತಿನಲ್ಲಿ ಹೇಳಬೇಕು, ದುಡ್ಡು ಕೊಡಬೇಕು, ಸರಿಯಬೇಕು. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರು ಬಂದರೆ ಅಟಿಲಿಯೊ ಕಲಿಸುತ್ತಿದ್ದ.

"ಅಣ್ಣಾ, ಡಬ್ಬದ ಹಳದಿ ಚೀಸ್ ಚೆನ್ನಾಗಿರತ್ತೋ, ಇಲ್ಲಾ ಆ ಬಿಳೀದೋ?"

"ಮದ್ವೆ ಆಗ್ತಿದೀಯಾ ಅದನ್ನ? ಪಕ್ಕಕ್ಕೆ ನಿಂತ್ಕೊಂಡು ಯೋಚ್ನೆ ಮಾಡು. ಮುಂದೆ!"

ಸರತಿಯಲ್ಲಿದ್ದವರು ನಗುತ್ತಿದ್ದರು. ಬೈಸಿಕೊಳ್ಳುವುದಕ್ಕೆಂದೇ ದೂರದಿಂದ ಬರುವವರೂ ಇದ್ದರು. ಹೀಗೆ ದಿನಕ್ಕೆ ನೂರಾರು ಜನ ಅಟಿಲಿಯೊನ ಮುಖ ನೋಡಿ ಮಾತಾಡುತ್ತಿದ್ದರು. ಎಲ್ಲವೂ ಚೀಸಿನ ಮಾತು, ಈರುಳ್ಳಿಯ ಮಾತು. ಅಂಗಡಿ ಮುಗಿಸಿ ಅವನು ಸಾಲುಮನೆಗಳ ಆ ಕಿರಿದಾದ ಬೀದಿಗೆ ಹೋಗಿ, ಅಮ್ಮ ಬಿಟ್ಟುಹೋದ ಮನೆಯ ಬೀಗ ತೆಗೆದನೆಂದರೆ, ಮರುದಿನ ಬೇಕರಿಯವನ ಮುಖ ನೋಡುವವರೆಗೆ ಬಾಯಿ ಬಿಡುವ ಪ್ರಸಂಗವೇ ಇರಲಿಲ್ಲ. ಮದುವೆಯಾಗಿರಲಿಲ್ಲ. ಒಮ್ಮೆ ಆಗುವ ಹಾಗೆ ಇತ್ತು, ತಪ್ಪಿತು. ಅದರ ಸುದ್ದಿ ಎತ್ತಿದವರನ್ನು ಅವನು ಬಿಡುತ್ತಿರಲಿಲ್ಲ, ಆದ್ದರಿಂದ ಯಾರೂ ಎತ್ತುತ್ತಿರಲಿಲ್ಲ.

ಚೀಸು, ಈರುಳ್ಳಿ ಬಿಟ್ಟು ಬೇರೆ ಮಾತಾಡುತ್ತಿದ್ದವನು ಪೆಪ್ಪಿನೊ ಒಬ್ಬನೇ. ಪೆಪ್ಪಿನೊ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವನು. ಕಟ್ಟೆ ಮುಚ್ಚಿದ ಮೇಲೆ ಮಧ್ಯಾಹ್ನ ಜನ ಕಡಿಮೆಯಾಗುವ ಹೊತ್ತಿಗೆ ಬಂದು ಕಿಟಕಿಯ ಪಕ್ಕದ ಹಲಗೆಗೆ ಮೊಣಕೈ ಊರಿ ನಿಲ್ಲುತ್ತಿದ್ದ. ಅವನು ಏನೂ ಹೇಳಬೇಕಾಗಿರಲಿಲ್ಲ, ಅಟಿಲಿಯೊ ಮಾಡಿ ಇಡುತ್ತಿದ್ದ. ಅಂಗಿಯ ಮೇಲೆ ಎಣ್ಣೆ ಇಳಿಯದಂತೆ ಎಲ್ಲರ ಹಾಗೆ ಮುಂದಕ್ಕೆ ಬಾಗಿ ತಿನ್ನುತ್ತ ಪೆಪ್ಪಿನೊ ಮಾತಾಡುತ್ತಿದ್ದ. ಬೇಸ್‌ಬಾಲ್ ತಂಡ ಸೋತದ್ದು, ಪಕ್ಕದ ಮನೆಯವನು ಕಾರು ನಿಲ್ಲಿಸುವ ಜಾಗಕ್ಕೆ ಕುರ್ಚಿ ಇಟ್ಟು ಜಗಳ ತೆಗೆದದ್ದು, ತನ್ನ ಹೆಂಡತಿ ರೀಟಾ ಕಾಯಿಲೆ ಬಿದ್ದದ್ದು, ಆಸ್ಪತ್ರೆಯ ಊಟ ರುಚಿಯಿಲ್ಲವೆಂದು ಅವಳು ಗೊಣಗಿದ್ದು. ಅಟಿಲಿಯೊ "ಹೂಂ" ಅನ್ನುತ್ತಿದ್ದ, ಮಾಂಸ ತಿರುವುತ್ತಿದ್ದ. ಕೊನೆಗೆ ಚಳಿಗಾಲ ಶುರುವಾಗುವ ಮೊದಲೇ ರೀಟಾ ತೀರಿಕೊಂಡಳು. ಅಟಿಲಿಯೊ ಮಣ್ಣಿಗೆ ಹೋಗಿ, ಹಿಂದೆ ನಿಂತು, ಯಾರೊಂದಿಗೂ ಮಾತಾಡದೆ ಬಂದ. ವಾರದ ನಂತರ ಪೆಪ್ಪಿನೊ ಮತ್ತೆ ಹಲಗೆಗೆ ಬಂದು ನಿಂತ. ಅಟಿಲಿಯೊ ಎಂದಿಗಿಂತ ಜಾಸ್ತಿ ಮಾಂಸ ಹಾಕಿ ಇಟ್ಟ. ಅವನಿಗೆ ಬರುತ್ತಿದ್ದ ಸಮಾಧಾನ ಅಷ್ಟೇ.

ತಪಸ್ಸು ಕಾಲ ಬಂತು. ಈಸ್ಟರ್‌ಗೆ ಮುಂಚಿನ ಆ ದಿನಗಳಲ್ಲಿ ಶುಕ್ರವಾರ ಕ್ಯಾಥೊಲಿಕರು ಮಾಂಸ ಮುಟ್ಟುವುದಿಲ್ಲ. ಸ್ಟೇಕ್ ಅಂಗಡಿಗಳು ಅವತ್ತು ಅದೇ ಬ್ರೆಡ್ಡಿಗೆ ಹುರಿದ ಮೆಣಸಿನಕಾಯಿ, ಮೊಟ್ಟೆ ತುಂಬಿ ಮಾರುತ್ತವೆ. ಹೊರಗಿನವರು ಸ್ಟೇಕ್ ಕೇಳಿದರೆ ಕೊಡುತ್ತಾರೆ, ವ್ಯಾಪಾರ ವ್ಯಾಪಾರವೇ. ಆದರೆ ಅಟಿಲಿಯೊನದು ಬೇರೆಯೇ ಕಾನೂನು. ತನ್ನ ಚರ್ಚಿನಲ್ಲಿ ಕಂಡ ಮುಖವೇನಾದರೂ ಶುಕ್ರವಾರ ಸರತಿಯಲ್ಲಿ ನಿಂತು ಮಾಂಸ ಕೇಳಿದರೆ ಕೊಡುತ್ತಿರಲಿಲ್ಲ. "ಫಾದರ್ ಹತ್ರ ಚೀಟಿ ಬರೆಸ್ಕೊಂಡು ಬಾ" ಎಂದು ಮೊಟ್ಟೆಯದನ್ನೇ ಕಟ್ಟಿ ಕೈಗಿಡುತ್ತಿದ್ದ. ಕೊಂಚೆಟ್ಟಾ ಗಲ್ಲಾ ಪೆಟ್ಟಿಗೆಯ ಹಿಂದೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಂಕಲ್, ಇದು ನಮ್ಮಪ್ಪನ ಅಂಗಡಿ, ಪೋಪರದ್ದಲ್ಲ!"

ಆ ವರ್ಷ ಸಂತ ಜೋಸೆಫರ ಹಬ್ಬ ಶುಕ್ರವಾರವೇ ಬಿತ್ತು. ಮಧ್ಯಾಹ್ನ ಪೆಪ್ಪಿನೊ ಕೋಟು ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದ. ಕೈಯಲ್ಲಿ ಬೇಕರಿಯ ಬಿಳಿ ಡಬ್ಬ, ಅದರಲ್ಲಿ ಹಬ್ಬಕ್ಕೆ ಮಾಡುವ ಕೆನೆ ತುಂಬಿದ ಸಿಹಿ. ಅವನ ಪೂರ್ತಿ ಹೆಸರು ಜುಸೆಪ್ಪೆ, ಅಂದರೆ ಜೋಸೆಫ್. ಅದು ಅವನ ಹೆಸರಿನ ಹಬ್ಬ. ಅವತ್ತು ಎಂದಿನಂತೆ ಹಲಗೆಯ ಹತ್ತಿರ ನಿಲ್ಲದೆ ಎಲ್ಲರೊಂದಿಗೆ ಸರತಿಯಲ್ಲಿ ನಿಂತು ಕಿಟಕಿಗೆ ಬಂದ. ಅಟಿಲಿಯೊ ಆಗಲೇ ಮೊಟ್ಟೆ ಒಡೆಯುತ್ತಿದ್ದ.

"ಮೊಟ್ಟೆ ಬೇಡ ಕಣೋ," ಎಂದ ಪೆಪ್ಪಿನೊ, ನಗುತ್ತ. "ಸ್ಟೇಕ್ ಕೊಡು. ಹಳದಿ, ಈರುಳ್ಳಿ."

"ಇವತ್ತು ಶುಕ್ರವಾರ."

"ಗೊತ್ತು ಮಾರಾಯ. ಆದ್ರೆ ಇವತ್ತು..."

ಅಟಿಲಿಯೊ ಮುಂದಿನದನ್ನು ಕೇಳಲಿಲ್ಲ. ಬೆಳಗಿನಿಂದ ಮೂರು ಮಂದಿ ಚರ್ಚಿನವರನ್ನು ಬೈದು ಕಳಿಸಿದ್ದ, ತಲೆ ಕಾವಲಿಗಿಂತ ಕಾದಿತ್ತು. ಮಾಂಸ ಮಗುಚುವ ಸಟ್ಟುಗವನ್ನು ಕಾವಲಿಗೆ ಕುಟ್ಟಿ ಗಟ್ಟಿಯಾಗಿ ಹೇಳಿದ: "ರೀಟಾ ಮಣ್ಣಾಗಿ ಇನ್ನೂ ಹುಲ್ಲು ಹುಟ್ಟಿಲ್ಲ, ಆಗ್ಲೇ ಶುಕ್ರವಾರಾನೂ ಬಿಟ್ಯಾ? ಮೇಲಿಂದ ನೋಡ್ತಿರ್ತಾಳೆ ಅವ್ಳು. ನಾಚ್ಕೆ ಆಗಲ್ವಾ ನಿಂಗೆ?"

ಸರತಿಯಲ್ಲಿ ಯಾರೋ ನಕ್ಕರು. ಅವರಿಗೇನು ಗೊತ್ತು, ಇದೂ ಈ ಅಂಗಡಿಯ ಆಟವೆಂದುಕೊಂಡರು. ಪೆಪ್ಪಿನೊ ಡಬ್ಬವನ್ನು ಹಲಗೆಯ ಮೇಲಿಟ್ಟ. ಅದನ್ನು ಅಲ್ಲೇ ಬಿಟ್ಟು, ಕೋಟಿನ ಗುಂಡಿ ಹಾಕಿಕೊಂಡು ಸರತಿಯನ್ನು ದಾಟಿ ಹೋದ.

"ಅಂಕಲ್," ಎಂದಳು ಕೊಂಚೆಟ್ಟಾ. ಅವಳ ದನಿಯಲ್ಲಿ ಎಂದಿನ ಜಗಳವಿರಲಿಲ್ಲ. "ಇವತ್ತು ಮಾಂಸ ತಿನ್ಬೋದು. ದೊಡ್ಡ ಹಬ್ಬ ಶುಕ್ರವಾರ ಬಂದ್ರೆ ನಿಯಮ ಇಲ್ಲ. ಭಾನುವಾರ ಪೂಜೆ ಮುಗಿಯೋವಾಗ ಫಾದರ್ ಹೇಳಿದ್ರಲ್ಲ?"

ಅಟಿಲಿಯೊ ಭಾನುವಾರ ಚರ್ಚಿನ ಹಿಂದಿನ ಬಾಗಿಲ ಬಳಿ ನಿಲ್ಲುವವನು. ಪ್ರಸಾದ ನಾಲಿಗೆಗೆ ಬಿದ್ದ ಕೂಡಲೇ ಕಾವಲಿ ಹಚ್ಚಲು ಓಡುವವನು. ಪೂಜೆ ಮುಗಿಯುವಾಗ ಫಾದರ್ ಹೇಳುವುದನ್ನು ಅವನು ಎಷ್ಟೋ ವರ್ಷಗಳಿಂದ ಕೇಳಿಯೇ ಇರಲಿಲ್ಲ. ಮೊಟ್ಟೆ ಕಾವಲಿಯ ಮೇಲೆ ಹೊತ್ತಿ ಕಪ್ಪಾಗುತ್ತಿತ್ತು.

"ಹೋಗಿ ಕರ್ಕೊಂಡು ಬನ್ನಿ," ಎಂದಳು ಅವಳು.

"ನಾಳೆ ಬರ್ತಾನೆ ಬಿಡು."

ನಾಳೆ ಬರಲಿಲ್ಲ. ನಾಡಿದ್ದೂ ಇಲ್ಲ. ಮುಂದಿನ ವಾರ ಅಟಿಲಿಯೊ ಮದ್ಯದಂಗಡಿಯಿಂದ ದ್ರಾಕ್ಷಾರಸದ ಬಾಟಲಿ ಕೊಂಡು ಪೆಪ್ಪಿನೊನ ಮನೆಗೆ ಹೋಗಿ ಗಂಟೆ ಒತ್ತಿದ. ಒಳಗೆ ಟೀವಿ ಮಾತಾಡುತ್ತಿತ್ತು. ಪರದೆ ಅಲುಗಿತು. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಬಾಟಲಿ ಇಟ್ಟು ಬಂದ. ಯಾರು ಒಯ್ದರೋ, ಪೆಪ್ಪಿನೊನೋ ದಾರಿಹೋಕರೋ, ದೇವರಿಗೇ ಗೊತ್ತು.

ಪೆಪ್ಪಿನೊ ಮತ್ತೆ ಕಣ್ಣಿಗೆ ಬಿದ್ದದ್ದು ಅದೇ ವಾರ. ಎಲ್ಲಿ ಅಂತೀರಿ? ರಸ್ತೆಯಾಚೆ, ಗಸ್ ಎಂಬವನ ಸ್ಟೇಕ್ ಅಂಗಡಿಯಲ್ಲಿ! ಈ ಮೂಲೆಯವರು ಆ ಮೂಲೆಗೆ ಹೋಗುವುದಿಲ್ಲ, ಆ ಮೂಲೆಯವರು ಈ ಕಡೆ ಬರುವುದಿಲ್ಲ. ಬೇಕಾದರೆ ಪಕ್ಷ ಬದಲಿಸುತ್ತಾರೆ, ಹೆಂಡತಿಯನ್ನು ಬಿಡುತ್ತಾರೆ, ಸ್ಟೇಕ್ ಅಂಗಡಿ ಬದಲಿಸುವವರು ಕಡಿಮೆ. ಪೆಪ್ಪಿನೊ ಗಸ್ಸನ ತಗಡಿನ ಮಾಡಿನ ಕೆಳಗೆ, ಈ ಕಡೆ ಬೆನ್ನು ಮಾಡಿ ಬಾಗಿ ತಿನ್ನುತ್ತಿದ್ದ. ಅವತ್ತಿನಿಂದ ದಿನವೂ ಅಷ್ಟೇ. ಅಟಿಲಿಯೊನಿಗೆ ಕಿಟಕಿಯಿಂದ ಆ ಬೆನ್ನು ಕಾಣುತ್ತಿತ್ತು. ಕಾಣದಿರಲಿ ಎಂದು ಗಾಜಿಗೆ ಬೆಲೆಪಟ್ಟಿ ಅಂಟಿಸಿದ. ಆಮೇಲೆ ತಾನೇ ಅದರ ಅಂಚು ಸರಿಸಿ ನೋಡಿದ. ಬೈಯುವುದೂ ಕಡಿಮೆಯಾಯಿತು. ಅವನ ಬೈಗುಳಕ್ಕೆಂದೇ ಬಂದಿದ್ದ ಹುಡುಗರು, "ಏನ್ ತಾತ, ಇವತ್ತು ಬೈಯಲ್ವಾ?" ಎಂದು ಮುಖ ಸಣ್ಣ ಮಾಡಿಕೊಂಡು ಹೋದರು.

ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ಅಟಿಲಿಯೊ ಸಟ್ಟುಗ ಕೆಳಗಿಟ್ಟ. ಏಪ್ರನ್ ಬಿಚ್ಚುವುದೂ ಮರೆತು ಹಿಂಬಾಗಿಲಿನಿಂದ ಹೊರಬಿದ್ದು ರಸ್ತೆ ದಾಟಿದ.

"ಅಂಕಲ್! ಎಲ್ಲಿಗೆ?" ಕೊಂಚೆಟ್ಟಾ ಕಿಟಕಿಯಿಂದ ಕೂಗಿದಳು. ಅವನು ತಿರುಗಲಿಲ್ಲ.

ಗಸ್ಸನ ಸರತಿಯಲ್ಲಿ ಹೋಗಿ ನಿಂತ. ಜನ ಅವನ ಏಪ್ರನ್ ಮೇಲೆ ಹೊಲಿದಿದ್ದ ಎದುರಂಗಡಿಯ ಹೆಸರು ಓದಿ ಒಬ್ಬರನ್ನೊಬ್ಬರು ತಿವಿದರು. ಅವನ ಸರದಿ ಬಂತು. ಕಿಟಕಿಯೊಳಗಿಂದ ಗಸ್ ಹೊಟ್ಟೆ ಕುಣಿಸಿ ನಕ್ಕ.

"ಏನ್ ಯಜಮಾನ್ರೇ, ಬೇಹುಗಾರಿಕೆನಾ? ಹೇಳಿ, ಏನ್ ಬೇಕು?"

ಅಟಿಲಿಯೊ ಬಾಯಿ ತೆರೆದ. ಜೀವಮಾನವೆಲ್ಲ ಕಿಟಕಿಯ ಆ ಕಡೆ ನಿಂತವನು ಈ ಕಡೆ ನಿಂತು ಒಮ್ಮೆಯೂ ಕೇಳಿರಲಿಲ್ಲ. ತಿನ್ನುತ್ತಿದ್ದುದು ಕಾವಲಿಯ ಮೂಲೆಯಲ್ಲಿ ಮಿಕ್ಕಿದ್ದನ್ನು. ಚೀಸ್ ಯಾವುದು, ಈರುಳ್ಳಿ ಬೇಕೋ ಬೇಡವೋ, ಅವನಿಗೇ ಗೊತ್ತಿರಲಿಲ್ಲ.

"ಬೇಗ ಹೇಳಪ್ಪ, ಹೊಟ್ಟೆ ಹಸೀತಿದೆ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಅವ್ನಿಗೆ ಕೊಟ್ಟಿದ್ದನ್ನೇ ಕೊಡು," ಎಂದು ಅಟಿಲಿಯೊ ಪೆಪ್ಪಿನೊನ ಬೆನ್ನು ತೋರಿಸಿದ.

ಪೊಟ್ಟಣ ಹಿಡಿದು ಹೋಗಿ ಪೆಪ್ಪಿನೊನ ಪಕ್ಕದಲ್ಲಿ ನಿಂತ. ಇಬ್ಬರೂ ಮುಂದಕ್ಕೆ ಬಾಗಿ ತಿಂದರು. ಬ್ರೆಡ್ಡು ಅವನ ಅಂಗಡಿಗೆ ತರುವ ಬೇಕರಿಯದೇ. ಮಾಂಸ ಮಾತ್ರ ಕೊಚ್ಚಿ ಪುಡಿ ಮಾಡಿದ್ದರು.

"ಹಬ್ಬಕ್ಕೆ ನಿಯಮ ಇಲ್ಲ ಅಂತ ಗೊತ್ತಿರಲಿಲ್ಲ ಕಣೋ," ಎಂದ ಅಟಿಲಿಯೊ. "ನಾನು ಪೂಜೆ ಮುಗಿಯೋ ಮುಂಚೆ ಹೊರಟು ಬರ್ತೀನಲ್ಲ. ಯಾರೂ ಹೇಳಿರಲಿಲ್ಲ. ತಪ್ಪಾಯ್ತು."

"ಗೊತ್ತು. ಅವತ್ತೇ ಸಂಜೆ ಕ್ಷಮಿಸಿಬಿಟ್ಟೆ. ತಪಸ್ಸು ಕಾಲದಲ್ಲಿ ಸಿಟ್ಟು ಇಟ್ಕೋಬಾರ್ದು."

"ಹಂಗಾದ್ರೆ ಬಾ. ನಾಳೆಯಿಂದ ಬಾ."

ಪೆಪ್ಪಿನೊ ಅಗಿಯುವುದನ್ನು ನಿಲ್ಲಿಸಿದ. "ಶುಕ್ರವಾರದ ಮಾತಲ್ಲ ಅಟಿಲಿಯೊ. ನೀನು ಬೈಯೋನು, ಬೈದೆ. ನಾನೇನು ಹೊಸಬನಾ? ರೀಟಾ ಏಳು ತಿಂಗಳು ಮಲಗಿದ್ಲು. ದಿನಾ ಬಂದು ನಿಂಗೆ ಹೇಳ್ತಿದ್ದೆ. ಹೂಂ ಅಂದೆ. ಒಂದ್ಸಲ, ಹೆಂಗಿದಾಳೆ ಅಂತ ಕೇಳ್ಲಿಲ್ಲ. ಅವ್ಳ ಹೆಸ್ರು ನಿನ್ನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಅದೂ ಬೀದಿ ಜನದ ಮುಂದೆ, ನನ್ನ ಮುಖಕ್ಕೆ ಎಸೆಯೋಕೆ."

ಅಟಿಲಿಯೊ ಕೈಯಲ್ಲಿದ್ದುದನ್ನೇ ನೋಡುತ್ತ ನಿಂತ. "ಕೈ ತುಂಬಾ ಕೆಲ್ಸ ಇರ್ತಿತ್ತಲ್ಲೋ," ಎಂದ. ಆ ಮಾತು ತನ್ನ ಕಿವಿಗೇ ಹೇಸಿಗೆಯಾಗಿ ಕೇಳಿಸಿತು. ಮತ್ತೆ, "ಕೊನೇಲಿ ತುಂಬಾ ನೋವಿತ್ತಾ ಅವಳಿಗೆ?" ಎಂದು ಕೇಳಿದ.

"ಈಗ ಕೇಳ್ತೀಯಾ?" ಪೆಪ್ಪಿನೊ ಸಿಟ್ಟು ಮಾಡಲಿಲ್ಲ. ಕಾಗದದಿಂದ ಬಾಯಿ ಒರೆಸಿಕೊಂಡು, ಅದನ್ನು ಮುದ್ದೆ ಮಾಡಿ ಕಸದ ಡಬ್ಬಕ್ಕೆ ಹಾಕಿದ. "ಆ ಕಿಟಕಿ ಮುಂದೆ ನಿಂತ್ರೆ ನಂಗೆ ಅವತ್ತು ನಕ್ಕೋರ ಸದ್ದೇ ಕೇಳ್ಸತ್ತೆ. ಬರೋಕಾಗಲ್ಲ. ತಿನ್ನು, ತಣ್ಣಗಾಗ್ತಿದೆ."

ಅಟಿಲಿಯೊನ ಭುಜ ಒಮ್ಮೆ ಮುಟ್ಟಿ ಅವನು ತನ್ನ ಬೀದಿಯ ಕಡೆ ನಡೆದ. ರೀಟಾ ಇದ್ದಾಗ ಬಿರಬಿರನೆ ನಡೆಯುತ್ತಿದ್ದ ಮನುಷ್ಯ ಈಗ ಗೋಡೆಯ ಅಂಚು ಹಿಡಿದು ಹೋಗುತ್ತಿದ್ದ. ಇದು ಯಾವಾಗಿನಿಂದ ಹೀಗಾಯಿತೆಂದು ಅಟಿಲಿಯೊನಿಗೆ ಗೊತ್ತಿರಲಿಲ್ಲ. ಹಲಗೆಗೆ ಮೊಣಕೈ ಊರಿ ನಿಂತವನನ್ನು ಎಷ್ಟೋ ವರ್ಷ ನೋಡಿದ್ದ, ನಡೆಯುವುದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ರಸ್ತೆಯಾಚೆ ಕೊಂಚೆಟ್ಟಾಳ ಕಿಟಕಿಯ ಮುಂದೆ ಸರತಿ ಬೆಳೆದಿತ್ತು. ಅವಳು ಎರಡೂ ಕೈ ಎತ್ತಿ ಕರೆಯುತ್ತಿದ್ದಳು. ಅಟಿಲಿಯೊ ಹೋಗಲಿಲ್ಲ. ಚೀಸ್ ಗಟ್ಟಿಯಾಗಿ, ಮಾಂಸ ತಣ್ಣಗಾಗಿ, ಬ್ರೆಡ್ಡು ಎಣ್ಣೆ ಕುಡಿದು ಮೆತ್ತಗಾಗಿದ್ದ ಸ್ಟೇಕನ್ನು ಗಸ್ಸನ ಮಾಡಿನ ಕೆಳಗೆ ಒಬ್ಬನೇ ನಿಂತು, ಅಪರಿಚಿತರ ನಡುವೆ, ಕೊನೆಯ ತುಂಡಿನವರೆಗೆ ತಿಂದ.