ಹುಳ ಹಣ್ಣಾದ ದಿನದ ಪಂದ್ಯ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಆ ದಿನಗಳಲ್ಲಿ ಕೈಲಾಂಚದ ಬಳಿಯ ನಮ್ಮ ಊರಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಸದರಿ ತಂಡವು ಮೊಟ್ಟಮೊದಲ ಬಾರಿಗೆ ಜಿಲ್ಲೆಯ ಲೀಗ್‌ನಲ್ಲಿ ಮೇಲಿನ ದರ್ಜೆಗೆ ಏರಿತ್ತು. ಇದನ್ನು ಬರೆಯಲು ನಾನು ಅರ್ಹಳೇ ಎಂಬ ಸಂದೇಹ ನನಗಿದೆ. ಆಗ ನಾನಿನ್ನೂ ಏಳನೇ ತರಗತಿಯಲ್ಲಿದ್ದೆ.

ಗೋಲಿನಲ್ಲಿ ನಿಲ್ಲುತ್ತಿದ್ದವರು ನನ್ನ ಚಿಕ್ಕಪ್ಪ ಮಾದೇಶ. ತಂಡದಲ್ಲಿದ್ದವರೆಲ್ಲರೂ ರೇಷ್ಮೆ ಹುಳ ಸಾಕುವ ಮನೆಯವರೇ. ರಾಗಿ ಕೊಯ್ದ ಹೊಲದಲ್ಲಿ, ಹುಳದ ಮನೆಗೆಂದು ತಂದ ಸುಣ್ಣದಿಂದಲೇ ಗೆರೆ ಎಳೆದು ಅಭ್ಯಾಸ ಮಾಡುತ್ತಿದ್ದರು. ರಾಮನಗರದಲ್ಲಿ ಪಂದ್ಯ ಮುಗಿಸಿ ಬರುವಾಗ ಚಿಕ್ಕಪ್ಪ ಕಾಗದದಲ್ಲಿ ಸುತ್ತಿದ ಬೋಂಡ ತರುತ್ತಿದ್ದರು. ಕೈಗವಸಿನ ಬೆವರು, ಬೋಂಡದ ಎಣ್ಣೆ, ಹಿಪ್ಪುನೇರಳೆ ಸೊಪ್ಪು ಸೇರಿದ ಆ ವಾಸನೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಕೊನೆಯ ಪಂದ್ಯದಲ್ಲಿ ಸೋಲದಿದ್ದರೆ ಸಾಕು, ತಂಡ ಮೇಲಿನ ದರ್ಜೆಯಲ್ಲೇ ಉಳಿಯುತ್ತಿತ್ತು. ಆದರೆ ಒಂದು ತಪ್ಪು ಆಗಿಹೋಗಿತ್ತು. ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗಲೆಂದು ಆಟಗಾರರೆಲ್ಲ ಒಂದೇ ದಿನ, ಒಂದೇ ಕಡೆಯಿಂದ ಮರಿಹುಳ ತಂದಿದ್ದರು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಬೇಕಿದ್ದುದು ಪಂದ್ಯದ ಮಾರನೆಯ ದಿನ. ಸೆಖೆ ಹೆಚ್ಚಾಗಿ, ಎಲ್ಲರ ಮನೆಯಲ್ಲೂ ಪಂದ್ಯದ ಬೆಳಿಗ್ಗೆಯೇ ಹಣ್ಣಾದವು. ಹಣ್ಣಾದ ಹುಳವನ್ನು ಕೂಡಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ಸೊಪ್ಪಿನ ಮೇಲೆಯೇ ವ್ಯರ್ಥವಾಗುತ್ತದೆ. ನಮ್ಮಪ್ಪ ಕಾಲು ಮುರಿದುಕೊಂಡು ಮಲಗಿದ್ದರು.

ಹಣ್ಣಾದ ಹುಳ ತಿನ್ನುವುದಿಲ್ಲ. ವಾರವಿಡೀ ಹೆಂಚಿನ ಮೇಲೆ ಮಳೆ ಸುರಿದಂತೆ ಕೇಳುತ್ತಿದ್ದ ಸೊಪ್ಪು ಮೇಯುವ ಸದ್ದು ಅಂದು ನಿಂತುಹೋಗಿತ್ತು. ಆ ಮೌನಕ್ಕೆ ನನಗೆ ಹೆದರಿಕೆಯಾಯಿತು.

ನಾಯಕ ಶಿವಣ್ಣ ಹೊಸ್ತಿಲ ಆಚೆಯೇ ಬೈಕ್ ನಿಲ್ಲಿಸಿ ಕೂಗಿದರು. “ಲೇ ಮಾದೇಶ, ಬತ್ತೀಯೇನ್ಲಾ? ನೀನೂ ಸೇರುದ್ರೆ ಎಂಟು ಜನ ಆಯ್ತೀವಿ.”

“ನಿಮ್ಮನೆ ಹುಳ?”

“ನಮ್ಮಪ್ಪ ನನ್ನ ಬೈಕೊಂಡು ಬೈಕೊಂಡು ಆರುಸ್ತಾವ್ನೆ.”

ಒಳಗೆ ಹುಳ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಹೋಗ್ಲಾ, ಹೋಗು. ಹುಳಕ್ಕೂ ಆ ಸೀಟಿ ಊದೋನೇ ಹೇಳ್ಲಿ, ಒಸಿ ತಡ್ಕಳಿ ಅಂತ!”

ಚಿಕ್ಕಪ್ಪ ಹುಳದ ತಟ್ಟೆಗಳನ್ನೊಮ್ಮೆ ನೋಡಿದರು. ಗೂಟದಲ್ಲಿದ್ದ ಕೈಗವಸು ತೆಗೆದು ಶಿವಣ್ಣನ ಕೈಗಿತ್ತರು. “ನೀನೇ ನಿಂತ್ಕೊ. ನಿನ್ ತಮ್ಮಂಗೆ ಹೇಳು, ಫೋನ್ ಮಾಡಿ ಇಕ್ಕಿರ್ಲಿ.”

ಮಧ್ಯಾಹ್ನ ಫೋನು ತಟ್ಟೆಗಳ ಸ್ಟ್ಯಾಂಡಿನ ಮೇಲಿತ್ತು. ಶಿವಣ್ಣನ ತಮ್ಮ ಗೆರೆಯ ಆಚೆ ನಿಂತು ಕಂಡದ್ದನ್ನೆಲ್ಲ ಹೇಳುತ್ತಿದ್ದ. ಅಮ್ಮ, ಅಜ್ಜಿ, ಚಿಕ್ಕಪ್ಪ, ನಾನು ಹುಳ ಆರಿಸುತ್ತಿದ್ದೆವು. ಪಂದ್ಯ ಮುಗಿಯುತ್ತ ಬಂದರೂ ಯಾರದೂ ಗೋಲಿರಲಿಲ್ಲ.

“ಬಂದ... ಒಬ್ನೇ ಬಂದ... ಎಡಕ್ಕೆ ಹೊಡ್ದ!”

ಚಿಕ್ಕಪ್ಪನ ಎಡಗೈ ತಾನಾಗಿಯೇ ಗಾಳಿಗೆ ಚಾಚಿತು, ಮೈಯೆಲ್ಲ ಅದರ ಹಿಂದೆ ಹೋಯಿತು. ಅಂಗೈಯಲ್ಲಿದ್ದ ಹುಳಗಳು ನೆಲಕ್ಕೆ ಚೆಲ್ಲಿದವು. ಫೋನಿನಲ್ಲಿ ಬೇರೆ ಯಾರದೋ ಊರಿನ ಕೇಕೆ ಕೇಳಿಸಿತು.

ಅವರು ಮಂಡಿಯೂರಿ ಒಂದೊಂದೇ ಹುಳ ಆರಿಸಿದರು. ಕೊನೆಯದನ್ನು ಎತ್ತಿಕೊಳ್ಳುತ್ತ, “ಎಡಕ್ಕೇ ಹೋದೆ ಕಣವ್ವಾ,” ಎಂದರು. “ಸರ್ಯಾಗೇ ಹೋದೆ.”

ಅಜ್ಜಿ ಫೋನನ್ನು ಬೋರಲು ಹಾಕಿದರು.

ಆ ಬಾರಿ ಗೂಡು ಚೆನ್ನಾಗಿ ಬಂತು ಎಂಬುದನ್ನು ಇಲ್ಲಿ ನಮೂದಿಸಬೇಕು. ತಂಡವು ಕೆಳದರ್ಜೆಗೆ ಇಳಿಯಿತು. ಮರುವರ್ಷ ಯಾರೂ ಗೆರೆ ಎಳೆಯಲಿಲ್ಲ. ಅಜ್ಜಿ ಈಗಿಲ್ಲ. ಹುಳದ ಮನೆಯಲ್ಲಿ ಹಸುವಿನ ಹಿಂಡಿ ಮೂಟೆಗಳಿವೆ. ‘ನಮ್ಮ ತಂಡ’ ಎಂಬ ಮಾತನ್ನು ಊರಿನಲ್ಲಿ ಕೇಳಿ ಎಷ್ಟೋ ಕಾಲವಾಯಿತು. ಹೆಂಚಿನ ಮೇಲೆ ಸುರಿಯುವ ಮಳೆ ಥಟ್ಟನೆ ನಿಂತರೆ, ಈಗಲೂ ನನ್ನ ಕಿವಿ ಒಂದು ಸೀಟಿಗಾಗಿ ಕಾಯುತ್ತದೆ.

ಚಿಕ್ಕಪ್ಪ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಮಧ್ಯಾಹ್ನ ಜಗುಲಿಯಲ್ಲಿ ಮಲಗುತ್ತಾರೆ. ನಿದ್ದೆಯಲ್ಲಿ ಕೆಲವೊಮ್ಮೆ ಅವರ ಎಡಗೈ ಚಾಚುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಯಾರೂ ಅವರ ಎಡಗಡೆ ನೀರಿನ ಚೊಂಬು ಇಡುವುದಿಲ್ಲ.